ಕೈಯಿಂದ ಕೈಗೆ ಬಂದ ಹೈಡ್ರಾಂಜಿಯ

ಸುತ್ತೂರಿನ ಕಡೆಯ ಹಳೆಯ ಮನೆಗಳ ಹೂಗಿಡಗಳನ್ನು ಎಣಿಸುವುದು ಕಷ್ಟವಲ್ಲ. ಬಾಗಿಲ ಪಕ್ಕಕ್ಕೊಂದು ದಾಸವಾಳ, ಬೇಲಿಯ ಮಗ್ಗುಲಲ್ಲಿ ಕಣಗಿಲೆ, ಬಾವಿಯ ಹತ್ತಿರ ನಂದಿಬಟ್ಟಲು, ಚಪ್ಪರಕ್ಕೆ ಹಬ್ಬಿಸಿದ ಮಲ್ಲಿಗೆ, ಹಿತ್ತಲಿನಲ್ಲಿ ಕನಕಾಂಬರ, ಸೇವಂತಿಗೆ. ಇವೆಲ್ಲ ಕೆಲಸವುಳ್ಳ ಹೂಗಳು. ಒಂದೋ ದೇವರಿಗೆ ಹೋಗಬೇಕು, ಇಲ್ಲವೆ ಮುಡಿಗೆ ಏರಬೇಕು, ಮಿಕ್ಕದ್ದು ಸಂತೆಗೆ. ಈ ಸಾಲಿನಲ್ಲಿ ಹೈಡ್ರಾಂಜಿಯಕ್ಕೆ ಜಾಗವೇ ಇಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ, ದಾರಕ್ಕೆ ಕಟ್ಟಲು ಬರುವುದಿಲ್ಲ, ಒಂದೊಂದು ಗೊಂಚಲೂ ಸಣ್ಣ ಎಲೆಕೋಸಿನ ಗಾತ್ರ. ಮುಡಿದುಕೊಂಡು ಹೊರಟರೆ ಬೀದಿಯವರೆಲ್ಲ ನಕ್ಕಾರು. ಮೇಲಾಗಿ ಅದು ತಂಪು ಸೀಮೆಯ ಗಿಡ. ನಮ್ಮದು ಬಿಸಿಲ ಸೀಮೆ. ಆದರೂ ನಂಜನಗೂಡಿನಲ್ಲಿ, ತಿ. ನರಸೀಪುರದಲ್ಲಿ, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯ ನೆರಳಿನ ಮೂಲೆಯಲ್ಲಿ, ಒಂದು ಕುಂಡದಲ್ಲಿ, ಈ ಗಿಡ ನಿಮಗೆ ಕಂಡೀತು. ಕೇಳಿ ನೋಡಿ. ಅಂಗಡಿಯಿಂದ ತಂದದ್ದೆಂದು ಹೇಳುವವರು ಕಡಿಮೆ. "ನಮ್ಮಕ್ಕ ಮಡಿಕೇರಿಯಿಂದ ತಂದಳು", "ಊಟಿಯಲ್ಲಿದ್ದ ನಮ್ಮ ಚಿಕ್ಕಮ್ಮ ಕೊಟ್ಟರು" ಎನ್ನುವವರೇ ಹೆಚ್ಚು.

ಈ ಮಾತೇ ನನಗೆ ಈ ಗಿಡದ ಚರಿತ್ರೆಯನ್ನು ಹುಡುಕುವಂತೆ ಮಾಡಿತು. ಹುಡುಕಿದಾಗ ಅದಕ್ಕೆ ಎರಡು ಚರಿತ್ರೆಗಳಿರುವುದು ಕಂಡಿತು. ಒಂದು, ಹಡಗು ಹತ್ತಿ ದೇಶ ಸುತ್ತಿದ ವೈದ್ಯರು, ಸಸ್ಯಶಾಸ್ತ್ರಿಗಳು ಬರೆದಿಟ್ಟದ್ದು, ಗ್ರಂಥಗಳಲ್ಲಿದೆ. ಇನ್ನೊಂದು, ಹೆಂಗಸರು ಸೆರಗಿನ ಮರೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಸಾಗಿಸಿದ್ದು. ಅದನ್ನು ಯಾರೂ ಬರೆದಿಲ್ಲ.

ಮೊದಲು ಹೆಸರಿನ ಮಾತು. ಉರುಟಾದ ಹೂಗೊಂಚಲಿಗೆ ಚೆಂಡುಹೂ ಎಂಬ ಹೆಸರು ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಆ ಹೆಸರನ್ನು ಮೆಕ್ಸಿಕೋದಿಂದ ಬಂದ ಇನ್ನೊಂದು ಹೂ ಎಂದೋ ದಕ್ಕಿಸಿಕೊಂಡು, ಆಯುಧಪೂಜೆಯ ದಿನ ನಮ್ಮ ಲಾರಿ, ಟ್ರ್ಯಾಕ್ಟರುಗಳ ಮೇಲೆಲ್ಲ ತೂಗಾಡುತ್ತಿದೆ. ಹಾಗಾಗಿ ಇದು ಹೈಡ್ರಾಂಜಿಯವಾಗಿಯೇ ಉಳಿಯಿತು. ಗ್ರೀಕ್ ಭಾಷೆಯ ಎರಡು ಪದ ಸೇರಿದ ಹೆಸರಿದು: ನೀರು ಮತ್ತು ಪಾತ್ರೆ. ಹಾಲೆಂಡಿನ ಗ್ರೊನೋವಿಯಸ್ ಎಂಬ ಸಸ್ಯಶಾಸ್ತ್ರಿ 1739ರಲ್ಲಿ ಅಮೆರಿಕದ ವರ್ಜೀನಿಯದಿಂದ ಬಂದ ಒಂದು ಬಿಳಿ ಹೂವಿನ ಜಾತಿಯನ್ನು ನೋಡಿ, ಅದರ ಬೀಜದ ಕಾಯಿ ಪುಟ್ಟ ಕೊಡದಂತೆ ಕಂಡದ್ದರಿಂದ ಈ ಹೆಸರಿಟ್ಟ. ಅವನು ಹೇಳಿದ್ದು ಕಾಯಿಯ ಆಕಾರವನ್ನು. ಬೆಳೆಸಿದವರಿಗೆ ಮಾತ್ರ ಅದು ಗಿಡದ ಗುಣದ ಹೆಸರೇ ಅನ್ನಿಸುತ್ತದೆ. ಬೆಳಿಗ್ಗೆ ಬಿಂದಿಗೆ ನೀರು ಕುಡಿದು, ಮಧ್ಯಾಹ್ನಕ್ಕೆ ಎಲೆ ಜೋಲಿಸಿ, ಸಂಜೆಗೆ ಮತ್ತೆ ಬಾಯಾರಿ ನಿಲ್ಲುವ ಗಿಡ ಇದೊಂದೇ.

ನಮ್ಮ ಕುಂಡಗಳಲ್ಲಿರುವುದು ಅಮೆರಿಕದ್ದಲ್ಲ, ಜಪಾನಿನ ಜಾತಿ. ಹೊರದೇಶದವರನ್ನು ಜಪಾನು ಒಳಗೆ ಬಿಡದಿದ್ದ ಕಾಲದಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯ ಬಂದರಿನ ಒಂದು ಪುಟ್ಟ ದ್ವೀಪದಲ್ಲಿ ಇರಲು ಅಪ್ಪಣೆಯಿತ್ತು. ಆ ಕಂಪನಿಯ ವೈದ್ಯನಾಗಿ 1775ರಲ್ಲಿ ಹೋದ ಸ್ವೀಡನ್ನಿನ ಥುನ್‌ಬರ್ಗ್ ಈ ಗಿಡವನ್ನು ಕಂಡು, 1784ರ ತನ್ನ ಪುಸ್ತಕದಲ್ಲಿ ಬೇರೊಂದು ಕುಲಕ್ಕೆ ಸೇರಿಸಿ ವರ್ಣಿಸಿದ. ಅದು ಹೈಡ್ರಾಂಜಿಯ ಕುಲಕ್ಕೆ ಬಂದು ಸೇರಿದ್ದು 1830ರಲ್ಲಿ. ಅಷ್ಟರಲ್ಲಿ, 1789ರಲ್ಲಿ, ಜೋಸೆಫ್ ಬ್ಯಾಂಕ್ಸ್ ಚೀನಾದಿಂದ ಒಂದು ಗಿಡವನ್ನು ತರಿಸಿ ಲಂಡನ್ನಿನ ಕ್ಯೂ ತೋಟಕ್ಕೆ ಸೇರಿಸಿಯಾಗಿತ್ತು. ಜಪಾನಿನವರು ಚೀನಾಕ್ಕೆ ಕೊಟ್ಟು, ಚೀನಾದ ತೋಟಗಾರರು ಬೆಳೆಸಿ, ಇಂಗ್ಲಿಷರು ಕೊಂಡೊಯ್ದ ಗಿಡ.

ಫ್ರೆಂಚರ ದಾರಿ ಬೇರೆ. ಅವರ ಸಸ್ಯಶಾಸ್ತ್ರಿ ಕಾಮರ್ಸನ್ ಇದನ್ನು ಮಾರಿಷಸ್ ದ್ವೀಪದಲ್ಲಿ ಕಂಡು ಹಾರ್ಟೆನ್ಸಿಯ ಎಂದು ಕರೆದ. ಅಲ್ಲಿ ಇಂದಿಗೂ ಅದೇ ಹೆಸರು. ಹಾರ್ಟೆನ್ಸ್ ಎಂಬ ಯಾವಳೋ ಹೆಂಗಸಿನ ಹೆಸರಿನಿಂದ ಬಂತೆಂದು ಕೆಲವರು, ತೋಟ ಎಂಬ ಅರ್ಥದ ಲ್ಯಾಟಿನ್ ಪದದಿಂದ ಎಂದು ಕೆಲವರು ವಾದಿಸುತ್ತಾರೆ. ಆ ವಾದ ಏನೇ ಇರಲಿ, ಕಾಮರ್ಸನ್ನನ ಜೊತೆಗಿದ್ದ ಹೆಂಗಸೊಬ್ಬಳ ಸಂಗತಿ ಮಾತ್ರ ನಿಜವಾದದ್ದು. ಅವಳ ಹೆಸರು ಜೀನ್ ಬಾರೆ. ಬಡ ರೈತ ಕುಟುಂಬದವಳು, ಅವನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು. ಫ್ರೆಂಚ್ ನೌಕೆಗಳಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಗಂಡಸಿನ ಉಡುಪು ತೊಟ್ಟು, ಕಾಮರ್ಸನ್ನನ ಸಹಾಯಕನೆಂದು ಹೇಳಿಕೊಂಡು, ಬೂಗೆನ್‌ವಿಲ್ ಎಂಬ ಕಪ್ತಾನನ ಯಾತ್ರೆಯಲ್ಲಿ 1767ರಲ್ಲಿ ಹಡಗು ಹತ್ತಿದಳು. ಬ್ರೆಜಿಲಿನ ರಿಯೋ ಬಂದರಿನಲ್ಲಿ ಕಾಮರ್ಸನ್ನನಿಗೆ ಕಾಲು ಹುಣ್ಣಾಗಿ ನಡೆಯಲಾಗದೆ ಇದ್ದಾಗ ಕಾಡಿಗೆ ಹೋಗಿ ಗಿಡಗಳನ್ನು ಸಂಗ್ರಹಿಸಿ ತಂದವಳು ಅವಳೇ ಎಂದು ಹಲವರು ನಂಬುತ್ತಾರೆ. ಹಾಗೆ ಸಿಕ್ಕಿದ ಒಂದು ಬಳ್ಳಿಗೆ ಕಪ್ತಾನನ ಹೆಸರು ಬಂತು. ಅದೇ ನಮ್ಮ ನಂಜನಗೂಡಿನ ಕಾಂಪೌಂಡುಗಳ ಮೇಲೆಲ್ಲ ಬಿಸಿಲಿಗೆ ಹೆದರದೆ ಉರಿಯುವ ಬೋಗನ್‌ವಿಲ್ಲ, ನಮ್ಮ ಜನರ ಬಾಯಲ್ಲಿ ಕಾಗದದ ಹೂ.

ಜೀನ್ ಬಾರೆ 1775ರ ಸುಮಾರಿಗೆ ಫ್ರಾನ್ಸಿಗೆ ಮರಳಿದಾಗ ಭೂಮಿಯನ್ನು ಸುತ್ತಿಬಂದ ಮೊದಲ ಹೆಂಗಸಾದಳು. ಕಾಮರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಹೆಸರಿನಲ್ಲಿ ಎಷ್ಟೋ ಗಿಡಗಳಾದವು. ಅವಳ ಹೆಸರಿನಲ್ಲಿ ಒಂದು ಗಿಡ ನೆಲೆಯಾಗಿ ನಿಲ್ಲಲು 2012ರವರೆಗೆ ಕಾಯಬೇಕಾಯಿತು. ಅದು ನಮ್ಮ ಬದನೆ, ಆಲೂಗಡ್ಡೆಗಳ ಕುಲದ ಒಂದು ಬಳ್ಳಿ.

ಇನ್ನೊಬ್ಬ ಹೆಂಗಸಿನ ಕತೆ ನಾಗಸಾಕಿಯದು. 1823ರಲ್ಲಿ ಜರ್ಮನ್ ವೈದ್ಯ ಸೀಬೋಲ್ಡ್ ಅದೇ ಡಚ್ಚರ ದ್ವೀಪಕ್ಕೆ ಬಂದ. ಕುಸುಮೋಟೊ ತಾಕಿ ಎಂಬ ಅಲ್ಲಿನ ಹೆಣ್ಣಿನ ಜೊತೆ ಬಾಳಿದ. 1827ರಲ್ಲಿ ಅವರಿಗೆ ಇನೆ ಎಂಬ ಮಗಳು ಹುಟ್ಟಿದಳು. ಜಪಾನಿನ ಭೂಪಟಗಳನ್ನು ಸಂಗ್ರಹಿಸಿದ ಎಂಬ ಆಪಾದನೆಯ ಮೇಲೆ ಸರ್ಕಾರ ಅವನನ್ನು 1829ರಲ್ಲಿ ದೇಶದಿಂದ ಹೊರಹಾಕಿತು. ತಾಯಿ ಮಗಳನ್ನು ಬಿಟ್ಟು ಅವನು ಹೊರಟ. ಗಿಡಗಳನ್ನು ಕೊಂಡೊಯ್ಯುವುದನ್ನು ಮಾತ್ರ ಬಿಡಲಿಲ್ಲ. ಯೂರೋಪಿನಲ್ಲಿ ಪುಸ್ತಕ ಪ್ರಕಟಿಸುವಾಗ ಒಂದು ಚೆಲುವಾದ ಹೈಡ್ರಾಂಜಿಯಕ್ಕೆ ಒತಾಕ್ಸಾ ಎಂದು ಹೆಸರಿಟ್ಟ. ಕೇಳಿದವರಿಗೆ ಅದೊಂದು ಜಪಾನೀ ಪದ ಅನ್ನಿಸಿತು. ಅದು ನಿಜವಾಗಿ ಒ-ತಾಕಿ-ಸಾನ್, ಎಂದರೆ ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಾಕಮ್ಮ. ಬಿಟ್ಟು ಬಂದವಳ ಹೆಸರನ್ನು ಹೂವಿನಲ್ಲಿ ಅಡಗಿಸಿಟ್ಟ ಅವನ ಪ್ರೀತಿಯನ್ನು ಬಹಳ ಮಂದಿ ಕೊಂಡಾಡಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮಗಳ ಬದುಕು. ತಂದೆಯಿಲ್ಲದೆ ಬೆಳೆದ ಇನೆ ತಂದೆಯ ಶಿಷ್ಯರಿಂದಲೇ ವೈದ್ಯ ಕಲಿತು, ಪಾಶ್ಚಾತ್ಯ ವೈದ್ಯದಲ್ಲಿ ತರಬೇತಾದ ಜಪಾನಿನ ಮೊದಲ ಮಹಿಳೆಯಾದಳು. 1873ರಲ್ಲಿ ಅರಮನೆಯ ಹೆರಿಗೆಗೂ ಅವಳನ್ನೇ ಕರೆಸಿದರು. ಇವತ್ತು ನಾಗಸಾಕಿ ನಗರದ ಲಾಂಛನದ ಹೂ ಹೈಡ್ರಾಂಜಿಯವೇ.

ಇಲ್ಲಿಂದ ಹೂ ನಮ್ಮ ಕಡೆಗೆ ಹೇಗೆ ಬಂತು? ತಿಂಗಳುಗಟ್ಟಲೆ ಹಡಗಿನಲ್ಲಿ ಉಪ್ಪುಗಾಳಿಗೆ ಸಿಕ್ಕಿ ಗಿಡಗಳು ಸಾಯುತ್ತಿದ್ದವು. ಲಂಡನ್ನಿನ ವೈದ್ಯ ವಾರ್ಡ್ ಎಂಬಾತ 1829ರ ಸುಮಾರಿಗೆ, ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡ ತನ್ನ ಬೆವರಿನ ನೀರನ್ನೇ ಮತ್ತೆ ಕುಡಿದು ಬದುಕುತ್ತದೆ ಎಂದು ಕಂಡುಕೊಂಡ. 1833ರಲ್ಲಿ ಅಂಥ ಪೆಟ್ಟಿಗೆಗಳು ಆಸ್ಟ್ರೇಲಿಯದವರೆಗೆ ಹೋಗಿ ಬಂದವು. ಆಮೇಲೆ ಗಿಡಗಳ ಸಾಗಣೆ ಸಲೀಸಾಯಿತು. ನೀಲಗಿರಿಯಲ್ಲಿ ಊಟಿಯ ಸಸ್ಯೋದ್ಯಾನವನ್ನು 1848ರಲ್ಲಿ ಮೆಕ್‌ಐವರ್ ಎಂಬ ತೋಟಗಾರ ರೂಪಿಸತೊಡಗಿದ. ಕೊಡಗು 1834ರಲ್ಲಿ ಇಂಗ್ಲಿಷರ ಕೈಸೇರಿ, 1854ರಲ್ಲಿ ಮಡಿಕೇರಿಯ ಹತ್ತಿರ ಫೌಲರ್ ಎಂಬಾತ ಯೂರೋಪಿಯನ್ನರ ಮೊದಲ ಕಾಫಿ ತೋಟವನ್ನು ತೆರೆದ. ಕಾಫಿಯ ಹಿಂದೆ ಬಂಗಲೆ ಬಂತು, ಬಂಗಲೆಯ ಹಿಂದೆ ಹೂತೋಟ ಬಂತು. ಮಂಜು, ಮಳೆ, ಹುಳಿ ಮಣ್ಣು, ಮರದ ನೆರಳು, ಹೀಗೆ ಗಿಡ ಕೇಳುವುದೆಲ್ಲ ಅಲ್ಲಿತ್ತು. ಬೆಟ್ಟದ ಸೀಮೆಯಲ್ಲಿ ಅದು ನೆಂಟನಾಗಿ ಉಳಿಯದೆ ಮನೆಯವನೇ ಆಗಿಬಿಟ್ಟಿತು. ಬಂಗಲೆಯ ಬೇಲಿ ದಾಟಿ ಹಳ್ಳಿಮನೆಗಳ ಅಂಗಳಕ್ಕೂ ಇಳಿಯಿತು.

ಬೇಲಿ ದಾಟಿದ್ದು ಹೇಗೆ ಎಂಬುದನ್ನು ಗ್ರಂಥಗಳು ಹೇಳುವುದಿಲ್ಲ, ಗಿಡವೇ ಹೇಳುತ್ತದೆ. ನಾವು ಹೂ ಎಂದು ಮೆಚ್ಚುವ ಎಸಳುಗಳು ನಿಜವಾದ ಎಸಳುಗಳಲ್ಲ. ಮೊಗ್ಗನ್ನು ಹೊರಗಿನಿಂದ ಕಾಯುವ ಹಸಿರು ಕವಚದ ಎಲೆಗಳೇ ದೊಡ್ಡದಾಗಿ ಬಣ್ಣ ತಳೆದಿರುತ್ತವೆ. ಇಂಥ ಹೂಗಳು ಬಹುಮಟ್ಟಿಗೆ ಬಂಜೆ. ಉರುಟು ಗೊಂಚಲಿನ ತೋಟದ ಹೈಡ್ರಾಂಜಿಯವನ್ನು ಬೀಜ ಎರಚಿ ಬೆಳೆಸುವ ರೂಢಿಯಿಲ್ಲ. ಗಾಳಿ, ಹಕ್ಕಿ, ನೀರು ಯಾವುದೂ ಅದನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಒಯ್ಯುವುದಿಲ್ಲ. ಒಬ್ಬರು ಕಡ್ಡಿ ಮುರಿದು ಕೊಡಬೇಕು, ಇನ್ನೊಬ್ಬರು ಕೈನೀಡಿ ಇಸಿದುಕೊಳ್ಳಬೇಕು. ನಿಮ್ಮ ಮನೆಯಲ್ಲಿ ಈ ಗಿಡವಿದ್ದರೆ ಅದರ ಹಿಂದೆ ಕೊಟ್ಟ ಕೈಗಳ ಒಂದು ಸಾಲೇ ಇದೆ ಎಂದರ್ಥ.

ನಮ್ಮ ಮನೆಯ ಸಾಲಿನಲ್ಲಿ ನನಗೆ ಗೊತ್ತಿರುವ ಮೊದಲ ಕೈ ನಮ್ಮ ಅತ್ತೆಯವರದು. ಸೋಮವಾರಪೇಟೆ ಕಡೆಯವರು. 1958ರಲ್ಲಿ ಸುತ್ತೂರಿಗೆ ಸೊಸೆಯಾಗಿ ಬಂದರು. ಎರಡು ವರ್ಷದ ಹಿಂದೆ, 1956ರ ನವೆಂಬರ್ 1ರವರೆಗೆ, ಕೊಡಗು ಬೇರೆಯೇ ರಾಜ್ಯವಾಗಿತ್ತು. "ನಾನು ಹುಟ್ಟಿದ ರಾಜ್ಯ ಒಂದು, ಮದುವೆಯಾದ ರಾಜ್ಯ ಒಂದು, ನಡುವೆ ಯಾರೋ ಬೇಲಿ ಕಿತ್ತರು" ಎಂದು ನಗುತ್ತಿದ್ದರು. ರಾಜ್ಯ ಒಂದಾದರೂ ಮಳೆ ಒಂದಾಗಲಿಲ್ಲ. ಮಡಿಕೇರಿಯ ಕಡೆ ವರ್ಷಕ್ಕೆ ಬೀಳುವ ಮಳೆ ನಂಜನಗೂಡು ಸೀಮೆಯದರ ಸುಮಾರು ನಾಲ್ಕು ಪಟ್ಟು. ಕಪಿಲೆ ಹುಟ್ಟುವುದು ವಯನಾಡಿನ ಮಳೆಕಾಡಿನಲ್ಲಾದರೂ ಸುತ್ತೂರಿನ ದಡ ಮುಟ್ಟುವಾಗ ಅವಳು ಬಯಲು ಸೀಮೆಯ ಹೊಳೆ.

ಮೊದಲ ಬಾಣಂತನ ಮುಗಿಸಿ ತವರಿನಿಂದ ಹಿಂತಿರುಗುವಾಗ ಅತ್ತೆಯವರು ಮಗುವಿನ ಬಟ್ಟೆಯ ಗಂಟಿನೊಳಗೆ ನಾಲ್ಕು ಹೈಡ್ರಾಂಜಿಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ ತಂದರಂತೆ. ಮೂರು ಬಸ್ಸು ಬದಲಾಯಿಸಿ ಊರು ಸೇರುವಾಗ ರಾತ್ರಿಯಾಗಿತ್ತು. ನಾಲ್ಕರಲ್ಲಿ ಒಂದು ಬದುಕಿತು. ಅದನ್ನು ಬಚ್ಚಲಿನ ಹಿಂದಿನ ನೆರಳಿಗೆ ನೆಟ್ಟರು. ಮನೆಯ ಹಿರಿಯಾಕೆ, ಎಂದರೆ ಅವರ ಅತ್ತೆ, ಬಹಳ ಖಂಡಿತದ ಹೆಂಗಸು. ಬೇಸಿಗೆಯಲ್ಲಿ ನೀರನ್ನು ದೂರದಿಂದ ಹೊತ್ತು ತರಬೇಕಾದ ಮನೆ.

"ಏನವ್ವ, ದೇವರ ತಲೆಗೂ ಇಲ್ಲ, ನಿನ್ನ ಮುಡಿಗೂ ಇಲ್ಲ, ಇದಕ್ಕೆ ಯಾಕೆ ಬಿಂದಿಗೆ ನೀರು ಸುರೀತೀಯ?" ಎಂದು ಕೇಳಿದರಂತೆ.

"ಸುಮ್ನೆ ನೋಡಕ್ಕೆ, ಅತ್ತೆಮ್ಮ."

ಆ ಮನೆಯಲ್ಲಿ ಸುಮ್ಮನೆ ನೋಡುವುದಕ್ಕೆಂದು ಯಾವ ವಸ್ತುವೂ ಅಲ್ಲಿಯವರೆಗೆ ಇರಲಿಲ್ಲ. ಹಿರಿಯಾಕೆ ಮುಂದೆ ಏನೂ ಹೇಳಲಿಲ್ಲ. ಆದರೆ ಹೊತ್ತು ತಂದ ನೀರನ್ನು ಹಾಕಕೂಡದು ಎಂಬ ಕಟ್ಟಳೆಯಾಯಿತು. ಅತ್ತೆಯವರು ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರನ್ನು ಒಂದು ಮಡಕೆಯಲ್ಲಿ ಕೂಡಿಟ್ಟು ಹಾಕಿದರು. ಮೂರನೆಯ ವರ್ಷ ಮುಂಗಾರಿನ ಹೊತ್ತಿಗೆ ಒಂದೇ ಒಂದು ಗೊಂಚಲು ಬಂತು. ತವರಿನಲ್ಲಿ ನೀಲಿ ಹೂ ಬಿಡುತ್ತಿದ್ದ ಗಿಡ ಇಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ನೀಲಿ ಹೂ, ನೀಲಿ ಹೂ ಎಂದು ಮೂರು ವರ್ಷ ಹೇಳಿಕೊಂಡು ಬಂದಿದ್ದ ಸೊಸೆಯ ಮಾತನ್ನು ನಂಬುವವರೇ ಇಲ್ಲವಾಯಿತು. ಹಬ್ಬಕ್ಕೆ ಕರೆಯಲು ಬಂದ ಅವರ ಅಣ್ಣ, ಅದೇ ಗಿಡ, ಎಲೆ ನೋಡಿದರೆ ಗೊತ್ತಾಗುವುದಿಲ್ಲವೆ ಎಂದು ಸಾಕ್ಷಿ ಹೇಳಿದ ಮೇಲೆ ಕೇರಿಯ ಹೆಂಗಸರು ಇನ್ನೊಂದು ಮಾತು ಕಟ್ಟಿದರು: "ಗಿಡಕ್ಕೂ ಬುದ್ಧಿ ಇದೆ ನೋಡು, ಗಂಡನ ಮನೆ ಬಣ್ಣಕ್ಕೆ ತಿರುಗಿಕೊಂಡಿತು."

ಹೊಗಳಿಕೆಯಂತೆ ಆಡಿದ ಈ ಮಾತು ಅತ್ತೆಯವರಿಗೆ ಎಂದೂ ಹಿಡಿಸಲಿಲ್ಲ. ಯಾಕೆ ಎಂದು ಆಗ ಅವರಿಗೂ ಹೇಳಲು ಬರುತ್ತಿರಲಿಲ್ಲ. ಅದಕ್ಕೆ ಉತ್ತರ ವಿಜ್ಞಾನದಲ್ಲಿದೆ.

ಈ ಹೂವಿನ ನೀಲಿಗೆ ಕಾರಣ ಮಣ್ಣಿನ ಅಲ್ಯೂಮಿನಿಯಂ. ಅದು ಎಲ್ಲ ಮಣ್ಣಿನಲ್ಲೂ ಧಾರಾಳವಾಗಿದೆ; ಆದರೆ ಮಣ್ಣು ಹುಳಿಯಾಗಿದ್ದರೆ ಮಾತ್ರ ನೀರಿನಲ್ಲಿ ಕರಗಿ ಬೇರಿಗೆ ಸಿಗುತ್ತದೆ. ಮಣ್ಣಿನ ಹುಳಿ, ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 5.5ಕ್ಕಿಂತ ಕೆಳಗಿದ್ದರೆ ಹೂ ನೀಲಿ, 6.5ಕ್ಕಿಂತ ಮೇಲಿದ್ದರೆ ಗುಲಾಬಿ, ನಡುವೆ ಇದ್ದರೆ ನೇರಳೆ. ಕೊಡಗಿನಲ್ಲಿ ನೂರಾರು ವರ್ಷಗಳ ಜಡಿಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗಿದೆ, ಮಣ್ಣು ಹುಳಿ. ನಂಜನಗೂಡು, ತಿ. ನರಸೀಪುರದ ಕಡೆಯ ಕಪ್ಪು ಎರೆಭೂಮಿಯಲ್ಲಿ ಸುಣ್ಣ ಉಳಿದಿದೆ. ಈ ಮಣ್ಣನ್ನು ಹಳಿಯುವಂತಿಲ್ಲ. ದೇವರಸನಹಳ್ಳಿಯ ಸುತ್ತಿನ ರಸಬಾಳೆಯ ರುಚಿ ಬೇರೆ ಕಡೆ ಬೆಳೆದರೆ ಬಾರದು ಎನ್ನುವುದು ಈ ಮಣ್ಣಿನ ಮೇಲಿನ ಅಭಿಮಾನದಿಂದಲೇ. ಬಾಳೆಗೆ ರುಚಿ ಕೊಟ್ಟ ನೆಲ ಹೈಡ್ರಾಂಜಿಯದ ನೀಲಿಯನ್ನು ಕಟ್ಟಿಹಾಕಿತು, ಅಷ್ಟೆ.

ಮುಖ್ಯವಾದ ಸಂಗತಿ ಇನ್ನೊಂದಿದೆ. ನೀಲಿ ಹೂವಿನಲ್ಲಿರುವ ಬಣ್ಣದ ದ್ರವ್ಯವೂ ಗುಲಾಬಿ ಹೂವಿನಲ್ಲಿರುವ ಬಣ್ಣದ ದ್ರವ್ಯವೂ ಒಂದೇ. ಅಲ್ಯೂಮಿನಿಯಂ ಜೊತೆಗೂಡಿದರೆ ಅದೇ ದ್ರವ್ಯ ನೀಲಿಯಾಗಿ ಕಾಣುತ್ತದೆ, ಸಿಗದಿದ್ದರೆ ಗುಲಾಬಿಯಾಗಿ ಕಾಣುತ್ತದೆ. ಆ ದ್ರವ್ಯವೇ ಇಲ್ಲದ ಬಿಳಿ ಜಾತಿಯನ್ನು ಯಾವ ಮಣ್ಣಿಗೆ ಹಾಕಿದರೂ ಬಿಳಿಯೇ. ಎಂದರೆ ಗಿಡ ಬುದ್ಧಿ ಕಲಿತು ಗಂಡನ ಮನೆಯ ಬಣ್ಣಕ್ಕೆ ತಿರುಗಿಕೊಂಡದ್ದಲ್ಲ. ಅದರ ಒಳಗಿನದು ಒಂದಿಷ್ಟೂ ಬದಲಾಗಿರಲಿಲ್ಲ. ನೀಲಿಯಾಗಲು ಬೇಕಾದದ್ದು ಇಲ್ಲಿ ಅದಕ್ಕೆ ಸಿಗಲಿಲ್ಲ. ಸಿಕ್ಕಿದ್ದರಲ್ಲಿ ಹೂ ಬಿಟ್ಟಿತು. ಈ ವಿವರವನ್ನು ನಾನು ಮುಂದೆ ಓದಿ ಹೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅದು ಮರೆತಿರಲಿಲ್ಲ ಅನ್ನು" ಎಂದರು. ಬಂದ ಸೊಸೆ ಎಷ್ಟು ಹೊಂದಿಕೊಂಡಳು ಎಂದು ಅಳೆಯುವವರು, ಅವಳಿಗೆ ಏನು ಸಿಗದೆ ಹೋಯಿತು ಎಂದೂ ಒಮ್ಮೆ ಕೇಳಬಾರದೆ?

ವಿಜ್ಞಾನ ಗೊತ್ತಿಲ್ಲದೆಯೂ ಅತ್ತೆಯವರು ಕಾರಣದ ಹತ್ತಿರಕ್ಕೆ ಹೋಗಿದ್ದರು. ಬದಲಾದದ್ದು ಮಣ್ಣು ತಾನೆ ಎಂದು ತವರಿಗೆ ಹೋದಾಗಲೆಲ್ಲ ಒಂದು ಚೀಲ ಮಣ್ಣು ಹೊತ್ತು ತರತೊಡಗಿದರು. ಗಿಡವನ್ನು ನೆಲದಿಂದ ಎಬ್ಬಿಸಿ ದೊಡ್ಡ ಕುಂಡಕ್ಕೆ ಹಾಕಿ ಆ ಮಣ್ಣು ತುಂಬಿದರು. ಒಂದು ವರ್ಷ ಹೂ ನೇರಳೆಯಾಯಿತು, ಅಂಚಿನಲ್ಲಿ ನೀಲಿ. ಅವರ ಸಂತೋಷ ಹೇಳತೀರದು. ಆದರೆ ಕ್ರಮೇಣ ಮತ್ತೆ ಗುಲಾಬಿಗೇ ತಿರುಗಿತು. ಬಾವಿಯ ಗಡಸು ನೀರಿನ ಸುಣ್ಣ, ಹಂಡೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವ ಅದೇ ಸುಣ್ಣ, ದಿನಾ ಕುಂಡಕ್ಕೂ ಸೇರುತ್ತಿತ್ತು. ಆಮೇಲೆ ಮಳೆನೀರನ್ನು ಹಿಡಿದಿಟ್ಟು ಹಾಕುವ ಅಭ್ಯಾಸ ಮಾಡಿದರು.

ಅವರು ಮಾಡಿದ ಇನ್ನೊಂದು ಕೆಲಸವೇ ಗಿಡವನ್ನು ಉಳಿಸಿದ್ದು. ಕೇಳಿದವರಿಗೆಲ್ಲ ಕಡ್ಡಿ ಕೊಟ್ಟರು. ಎದುರು ಮನೆಯವರಿಗೆ, ನಂಜನಗೂಡಿಗೆ ಮದುವೆಯಾಗಿ ಹೋದ ನಾದಿನಿಗೆ, ಜಾತ್ರೆಗೆಂದು ಬಂದು ಎರಡು ದಿನ ಉಳಿದಿದ್ದ ಬನ್ನೂರಿನ ನೆಂಟರಿಗೆ. 2003ರ ಸುಮಾರಿನ ಆ ಸಾಲು ಬರಗಾಲದಲ್ಲಿ ನಮ್ಮ ಬೋರ್‌ವೆಲ್ ಬತ್ತಿ ಕುಂಡದ ಗಿಡ ಒಣಗಿತು. ಮುಂದಿನ ಮಳೆಗಾಲದಲ್ಲಿ ನಾದಿನಿಯವರ ಮನೆಯಿಂದ ನಾಲ್ಕು ಕಡ್ಡಿ ಬಂದವು. ಗಮನಿಸಿ: ಕಡ್ಡಿಯಿಂದ ಬಂದ ಗಿಡ ಮಗಳಲ್ಲ, ಅದೇ ಗಿಡ. ಸೋಮವಾರಪೇಟೆಯ ಅಂಗಳದಲ್ಲಿ ಮುರಿದ ಆ ಕಡ್ಡಿಯೇ ಸುತ್ತೂರಿಗೆ ಬಂದು, ನಂಜನಗೂಡಿಗೆ ಹೋಗಿ, ಸುತ್ತೂರಿಗೆ ಮರಳಿತು. ಕೊಟ್ಟದ್ದೇ ಉಳಿಯುತ್ತದೆ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟು ಓದಿದ ಮೇಲೆ ನಿಮಗೂ ಒಂದು ಗಿಡ ಬೆಳೆಸುವ ಆಸೆಯಾದರೆ, ನಮ್ಮ ಬಯಲು ಸೀಮೆಗೆ ಒಗ್ಗುವ ನಾಲ್ಕು ಮಾತು ಹೇಳಿಬಿಡುತ್ತೇನೆ.

ಕಡ್ಡಿ ನೆಡಲು ಜೂನ್, ಜುಲೈ ಒಳ್ಳೆಯ ಕಾಲ. ಹೂ ಬಿಡದ, ಎಳಸೂ ಅಲ್ಲದ ಬಲಿತೂ ಹೋಗದ ರೆಂಬೆಯ ತುದಿಯನ್ನು ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ, ಎರಡು ಮೂರು ಗೆಣ್ಣು ಇರುವಂತೆ ಕತ್ತರಿಸಬೇಕು. ಕೆಳಗಿನ ಎಲೆ ತೆಗೆದು, ಮೇಲಿನ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ಮೇಲೊಂದು ಪ್ಲಾಸ್ಟಿಕ್ ಕವರು ಮುಚ್ಚಿದರೆ ಮೂರು ನಾಲ್ಕು ವಾರದಲ್ಲಿ ಬೇರು ಬಿಡುತ್ತದೆ. ವಾರ್ಡನ ಗಾಜಿನ ಪೆಟ್ಟಿಗೆಯ ಕೆಲಸವನ್ನು ನಮ್ಮ ಕವರು ಮಾಡುತ್ತದೆ. ಕುಂಡಕ್ಕೆ ಕೆಮ್ಮಣ್ಣು, ಕೊಳೆತ ಎಲೆಗೊಬ್ಬರ, ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಬೆಳಗಿನ ಎಳೆಬಿಸಿಲು ಬೀಳುವ, ಹತ್ತು ಗಂಟೆಯ ಮೇಲೆ ನೆರಳಾಗುವ ಪೂರ್ವದ ಜಗಲಿ ಪ್ರಶಸ್ತ. ಮಧ್ಯಾಹ್ನ ಎಲೆ ಜೋತುಬಿತ್ತೆಂದು ಗಾಬರಿಯಾಗಿ ನೀರು ಸುರಿಯಬೇಡಿ. ಮಣ್ಣಿಗೆ ಬೆರಳಿಟ್ಟು ನೋಡಿ. ಒಳಗೆ ತೇವವಿದ್ದರೆ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಮಣ್ಣಿನ ಮೇಲೆ ತೆಂಗಿನ ನಾರು, ಒಣಗಿದ ಎಲೆ ಹಾಸಿದರೆ ಅರ್ಧ ನೀರು ಉಳಿಯುತ್ತದೆ.

ಹೂ ಬಾಡಿದ ಕೂಡಲೇ ಆ ರೆಂಬೆಯನ್ನು ಸವರಬೇಕು. ಡಿಸೆಂಬರಿನಲ್ಲಿ ಕತ್ತರಿ ಹಿಡಿಯಲೇಬಾರದು. ಬರುವ ವರ್ಷದ ಹೂವಿನ ಮೊಗ್ಗು ಹಳೆಯ ರೆಂಬೆಯ ತುದಿಯಲ್ಲಿ ಆಗಲೇ ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ಆ ಮೊಗ್ಗು ಕಟ್ಟಲು ಕೆಲವು ವಾರಗಳ ತಂಪು ಬೇಕು. ನಮ್ಮ ಚಳಿಗಾಲ ಅದಕ್ಕೆ ಸಾಲದೆ ಇರುವುದರಿಂದಲೇ ತವರಿನಲ್ಲಿ ಒಂದು ಗಿಡಕ್ಕೆ 50 ಗೊಂಚಲು ಬಿಟ್ಟರೆ ಇಲ್ಲಿ ಮೂರೋ ನಾಲ್ಕೋ. ಮಾಗಿಯ ರಾತ್ರಿಗಳಲ್ಲಿ ಕುಂಡವನ್ನು ಬಯಲಿನಲ್ಲಿಟ್ಟರೆ ಸ್ವಲ್ಪ ಅನುಕೂಲ.

ನೀಲಿ ಬೇಕೆಂದರೆ ಅಂಗಡಿಯಲ್ಲಿ ಸಿಗುವ ಪಟಿಕದ ಪುಡಿಯನ್ನು ನಾಲ್ಕು ಲೀಟರ್ ನೀರಿಗೆ ಒಂದು ಸಣ್ಣ ಚಮಚದಂತೆ ಕರಗಿಸಿ, ಮೊಗ್ಗು ಕಾಣುವ ಮೊದಲಿನಿಂದ ಎರಡು ಮೂರು ವಾರಕ್ಕೊಮ್ಮೆ ಹಾಕಬಹುದು. ಪಟಿಕದಲ್ಲಿರುವುದು ಅಲ್ಯೂಮಿನಿಯಮ್ಮೇ. ಮೊದಲು ಬರಿಯ ನೀರು ಹಾಕಿ ಆಮೇಲೆ ಇದನ್ನು ಹಾಕಬೇಕು. ಹೆಚ್ಚಾದರೆ ಬೇರು ಸುಡುತ್ತದೆ. ತುಕ್ಕು ಮೊಳೆ ಹೂತರೆ ನೀಲಿಯಾಗುತ್ತದೆ ಎಂಬ ಮಾತಿದೆ. ಕಬ್ಬಿಣಕ್ಕೂ ಈ ನೀಲಿಗೂ ಸಂಬಂಧವಿಲ್ಲ. ನಮ್ಮ ಹೆಂಗಸರಿಗೆ ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುವ ರೂಢಿಯಿದೆ. ಬೂದಿ, ಸಬೂನಿನ ನೀರು ಎರಡೂ ಕ್ಷಾರ. ಇದರ ಹತ್ತಿರ ತರಬೇಡಿ. ನಿಮ್ಮ ಮಣ್ಣು ಎಂಥದು ಎಂದು ಖಚಿತವಾಗಿ ತಿಳಿಯಬೇಕಿದ್ದರೆ ಸುತ್ತೂರಿನಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ವಿಚಾರಿಸಬಹುದು. ಇನ್ನೊಂದು ಎಚ್ಚರ: ಇದರ ಎಲೆ, ಮೊಗ್ಗುಗಳಲ್ಲಿ ವಿಷವಿದೆ. ಮೇಕೆ, ಕರುಗಳಿಗೆ, ಸಿಕ್ಕಿದ್ದನ್ನು ಬಾಯಿಗಿಡುವ ಮಕ್ಕಳಿಗೆ ಎಟುಕದಂತೆ ಇಡಬೇಕು.

ಒಂದು ಮನೆಗೆ ಒಂದು ಕುಂಡ ಸಾಕು. ಅಂಗಳದ ತುಂಬ ಬಣ್ಣ ಬೇಕೆನ್ನುವವರು ಜೀನ್ ಬಾರೆಯ ಕಾಗದದ ಹೂವನ್ನೇ ಬೆಳೆಸಲಿ. ಅದು ನೀರು ಕೇಳುವುದಿಲ್ಲ. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ನಾನೂ ಹಿರಿಯಾಕೆಯ ಕಟ್ಟಳೆಯನ್ನೇ ಪಾಲಿಸಿದೆ. ಕುಡಿಯುವ ನೀರು ಗಿಡಕ್ಕಿಲ್ಲ, ತೊಳೆದ ನೀರು ಪೂರ್ತಿ ಗಿಡಕ್ಕೆ. ಆ ಕಟ್ಟಳೆ ಜಿಪುಣತನದ್ದಲ್ಲ, ನೀರು ಹೊತ್ತ ಸೊಂಟದ್ದು ಎಂಬುದು ಈಗ ಅರ್ಥವಾಗುತ್ತದೆ. ಹಾಗೆಯೇ "ಸುಮ್ನೆ ನೋಡಕ್ಕೆ" ಎಂದು ಕೇಳಿದ ಎಳೆಯ ಸೊಸೆಯ ಹಕ್ಕೂ ಸಣ್ಣದಲ್ಲ. ಎರಡೂ ಒಂದೇ ಮನೆಯಲ್ಲಿ, ಒಂದು ಮಡಕೆ ಅಕ್ಕಿ ತೊಳೆದ ನೀರಿನಲ್ಲಿ ರಾಜಿಯಾದವು.

ಕಪ್ತಾನನ ಹೆಸರು ಬಳ್ಳಿಗೆ ಉಳಿಯಿತು, ತಾಕಮ್ಮನ ಹೆಸರು ಹೂವಿನೊಳಗೆ ಮರೆಯಾಗಿ ಉಳಿಯಿತು. ನಮ್ಮ ಊರುಗಳಿಗೆ ಈ ಗಿಡವನ್ನು ತಂದು, ನೀರು ಉಳಿಸಿ, ಬದುಕಿಸಿ, ಹಂಚಿದವರ ಹೆಸರು ಎಲ್ಲೂ ಇಲ್ಲ. ಇದನ್ನು ಸರಿಪಡಿಸಲು ಸಸ್ಯಶಾಸ್ತ್ರಿಗಳೇ ಬೇಕಿಲ್ಲ. ಯಾರಾದರೂ ನಿಮಗೆ ಒಂದು ಕಡ್ಡಿ ಕೊಟ್ಟರೆ ಕುಂಡದ ಮೇಲೆ ಬಣ್ಣದಿಂದ ಕೊಟ್ಟವರ ಹೆಸರು, ಅವರ ಊರು, ಇಸವಿ, ಇಷ್ಟನ್ನು ಬರೆಯಿರಿ. ನೀವು ಇನ್ನೊಬ್ಬರಿಗೆ ಕೊಡುವಾಗ ಅದನ್ನೂ ಹೇಳಿ ಕೊಡಿ. ಬೀಜವಿಲ್ಲದ ಗಿಡಕ್ಕೆ ವಂಶಾವಳಿ ಅದೇ.